ಗೊರಕೆ ನಿಂತರೆ ಹೆದರಿಕೆ

ನಿದ್ದೆಯಲ್ಲೇ ಸತ್ತವನನ್ನು ನಮ್ಮ ಕಡೆ ಪುಣ್ಯವಂತ ಎನ್ನುತ್ತಾರೆ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ, ರಾತ್ರಿ ಮಜ್ಜಿಗೆ ಅನ್ನ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದು ಹೇಳುವಾಗ ಮನೆಯವರ ಮುಖದಲ್ಲಿ ದುಃಖದ ಜೊತೆಗೆ ಸ್ವಲ್ಪ ಹೆಮ್ಮೆಯೂ ಇರುತ್ತದೆ. ಇದು ನನಗೆ ಗೊತ್ತಿರಲು ಕಾರಣ ನನ್ನ ಕಸುಬು. ಶಿರಸಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿದೆ. ಮದುವೆ, ಮುಂಜಿಗಳ ಕರೆಯೋಲೆ ಅಚ್ಚು ಹಾಕುವವನೂ ನಾನೇ, ಸತ್ತವರ ಹನ್ನೆರಡನೇ ದಿನದ ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚು ಹಾಕುವವನೂ ನಾನೇ. ಕಾರ್ಡಿನ ಒಕ್ಕಣೆ ಬರೆದುಕೊಡುವುದೂ ನನ್ನ ಕೆಲಸವೇ. 'ಅಲ್ಪಕಾಲದ ಅಸೌಖ್ಯದಿಂದ' ಎಂದು ಬರೆಸುವವರು ಸುಮ್ಮನೆ ತಲೆಯಾಡಿಸಿ ಹೋಗುತ್ತಾರೆ. 'ನಿದ್ರೆಯಲ್ಲಿಯೇ ದೈವಾಧೀನರಾದರು' ಎಂದು ಬರೆಸುವವರು ಮಾತ್ರ ಪ್ರೂಫ್ ನೋಡಲು ಎರಡು ಸಲ ಬಂದು, ಆ ಸಾಲು ಇನ್ನೊಂದು ಚೂರು ದಪ್ಪ ಅಕ್ಷರದಲ್ಲಿ ಬಂದರೆ ಚಂದ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಆ ಸಾಲನ್ನು ನಾನು ಹಲ್ಲುಜ್ಜಿದಷ್ಟೇ ಸಲೀಸಾಗಿ ಜೋಡಿಸಿದ್ದೇನೆ. ಈಗ ಜೋಡಿಸುವಾಗ ಬೆರಳು ತಣ್ಣಗಾಗುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯ, ಆದರೂ ಹೇಳುತ್ತೇನೆ: ಐವತ್ತೆಂಟನೇ ವಯಸ್ಸಿನಲ್ಲಿ ನನಗೆ ನಿದ್ದೆಯೆಂದರೆ ಹೆದರಿಕೆ.

ಮೊದಲು ಹೀಗಿರಲಿಲ್ಲ. ನಮ್ಮ ಮನೆತನದಲ್ಲಿ ಗೊರಕೆ ಆರೋಗ್ಯದ ಲಕ್ಷಣ. ನನ್ನ ಅಪ್ಪಯ್ಯನ ಗೊರಕೆ ಅಂಗಳ ದಾಟಿ ಕೊಟ್ಟಿಗೆಗೆ ಕೇಳುತ್ತಿತ್ತಂತೆ, ಆ ಶಬ್ದವಿಲ್ಲದಿದ್ದರೆ ಎಮ್ಮೆ ಮಲಗುತ್ತಿರಲಿಲ್ಲವಂತೆ. ಎಮ್ಮೆಯ ಮಾತು ಚಿಕ್ಕಪ್ಪನ ಸೇರ್ಪಡೆ ಇರಬಹುದು. ಹೀಗಾಗಿ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜಾ ಕಿವಿಗೆ ಹತ್ತಿ ಇಟ್ಟುಕೊಂಡಿದ್ದನ್ನು ಕಂಡಾಗ ನನಗೆ ಬೇಸರವಾಗಿತ್ತೇ ಹೊರತು ಸಂಕೋಚವಾಗಿರಲಿಲ್ಲ. ಆರು ವರ್ಷದ ಹಿಂದೆ ಅವಳು ಹತ್ತಿಯನ್ನು ಬಿಟ್ಟಳು. ರೂಢಿಯಾಯಿತು ಎಂದುಕೊಂಡೆ. ಒಂದು ದಿನ ಬೆಳಿಗ್ಗೆ ದೋಸೆ ಹೊಯ್ಯುತ್ತ ಹೇಳಿದಳು, "ನಿಂಗಳ ಗೊರಕೆ ನಡುನಡುವೆ ನಿಲ್ತು. ಹಂಗೇ ನಿಂತು, ಮತ್ತೆ ಗಂಟಲಲ್ಲಿ ಎಂತದೋ ಸಿಕ್ಕಿಹಾಕ್ಯಂಡಂಗೆ ಶಬ್ದ ಮಾಡ್ಕ್ಯಂಡು ಶುರುವಾಗ್ತು. ಡಾಕ್ಟ್ರಿಗೆ ತೋರ್ಸನ." ನಾನು ನಕ್ಕೆ. ನಿಂತರೆ ನಿನಗೇ ಒಳ್ಳೆಯದಲ್ಲವೇ, ಅಷ್ಟು ಹೊತ್ತಾದರೂ ನೆಮ್ಮದಿ ಎಂದೆ. ಅವಳು ನಗಲಿಲ್ಲ. ದೋಸೆ ಒಂದು ಕಡೆ ಸೀದಿತ್ತು, ಅದನ್ನೇ ಬಡಿಸಿದಳು.

ಹೆದರಿಕೆ ಹುಟ್ಟಿದ್ದು ನಿಲ್ಕುಂದದಲ್ಲಿ. ಸಿದ್ದಾಪುರ ಬದಿಯ ಆ ಊರಿನಲ್ಲಿ ಗಿರಿಜಾಳ ತಂಗಿಯ ಮಗನ ಮುಂಜಿ. ನಮ್ಮ ಕಡೆ ಮುಂಜಿಯ ಊಟವೆಂದರೆ ಎದ್ದು ಕೈತೊಳೆಯುವುದೇ ಒಂದು ಸಾಹಸ. ಕೇಸರಿಬಾತು, ಹೋಳಿಗೆ, ಮೇಲೆ ತಂಬುಳಿ, ಅದರ ಮೇಲೆ ಎರಡು ಎಲೆಯಡಿಕೆ ಕವಳ. ಆಮೇಲೆ ಗಂಡಸರೆಲ್ಲ ಜಗಲಿಯ ಮೇಲೆ ಸಾಲಾಗಿ ಕಂಬಳಿ ಹಾಸಿ ಬೀಳುವುದು ಪದ್ಧತಿ. ನಾನೂ ಬಿದ್ದೆ. ಎಷ್ಟು ಹೊತ್ತಾಯಿತೋ ತಿಳಿಯದು. ಯಾರೋ ಎದೆಗೆ ಗುದ್ದಿದಂತಾಗಿ ಕಣ್ಣು ಬಿಟ್ಟರೆ ಸುತ್ತ ಹತ್ತು ಹದಿನೈದು ಜನ ನಿಂತಿದ್ದಾರೆ. ಗಿರಿಜಾಳ ಅಣ್ಣ, ವಜ್ರಳ್ಳಿಯ ಗಣಪತಿ ಭಾವ, ನನ್ನ ಎದೆಯ ಮೇಲೆ ಎರಡೂ ಕೈಯಿಟ್ಟು ಕೂತಿದ್ದಾನೆ. ತಲೆಯ ಹತ್ತಿರ ಮನೆಯ ಹಿರಿಯ ಅಜ್ಜಿ. ಅವಳ ಒಂದು ಕೈಯಲ್ಲಿ ತುಳಸಿ ಎಲೆ, ಇನ್ನೊಂದು ಕೈಯಲ್ಲಿ ಯಾರೋ ಕಾಶಿಯಿಂದ ತಂದ ಗಂಗಾಜಲದ ಗಿಂಡಿ. "ಬಾಯಿ ತೆಗೆಸಿ, ಎರಡು ಹನಿ ಬಿಡ್ತೆ" ಎನ್ನುತ್ತಿದ್ದಳು. ನಾನು ಎದ್ದು ಕೂತಿದ್ದು ಅವಳಿಗೆ ಅಷ್ಟು ಸರಿ ಕಂಡಂತಿರಲಿಲ್ಲ. ತೆರೆದ ಗಿಂಡಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅವಳಿಗೆ. ಕೊನೆಗೆ ನನ್ನ ಅಂಗೈಗೇ ಹಾಕಿದಳು. ನಾನು ಕುಡಿದೆ.

"ನೀನು ಗೊರಕೆ ಹೊಡೆದ್ದು ಯಂಗಕ್ಕೆಲ್ಲಾ ಎಂತ ತೊಂದ್ರೆ ಇಲ್ಲೆ ಭಾವಾ" ಎಂದ ಗಣಪತಿ, ಬೆವರು ಒರೆಸಿಕೊಳ್ಳುತ್ತ. "ನಿಲ್ಸಿದ್ದೇ ತೊಂದ್ರೆ ಆತು. ಉಸ್ರೇ ಇಲ್ಲೆ ಮಾರಾಯಾ. ಇಡೀ ಜಗುಲಿ ಎದ್ದು ಕೂತ್ಕಂಡ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಗುವಾಗ ಜನರ ಕಾಲುಗಳ ಸಂದಿಯಿಂದ ಒಳಬಾಗಿಲಲ್ಲಿ ನಿಂತ ಗಿರಿಜಾ ಕಂಡಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಇವರೆಲ್ಲ ಇವತ್ತು ಕಂಡಿದ್ದನ್ನು ಅವಳು ದಿನವೂ ಕಾಣುತ್ತಿದ್ದಾಳೆ ಎಂಬುದು ಆಗ ತಲೆಗೆ ಹೊಳೆಯಿತು.

ಮನುಷ್ಯನಿಗೆ ಕಾಯಿಲೆ ಇದೆ ಎಂದು ಒಂದು ಸಲ ಜಗಲಿಗೆ ಗೊತ್ತಾದರೆ ಮೂರು ತಾಲ್ಲೂಕಿಗೆ ಗೊತ್ತಾದಂತೆ. ಕಾರ್ಡು ಮಾಡಿಸಲು ಬಂದವರೆಲ್ಲ ಮದ್ದು ಹೇಳಿ ಹೋಗತೊಡಗಿದರು. ಒಬ್ಬರು ಮೂಗಿಗೆ ತುಪ್ಪ ಬಿಡಿ ಎಂದರು. ಬಿಟ್ಟೆ. ಮೂರು ದಿನ ಏನು ಉಂಡರೂ ಹೋಳಿಗೆಯ ವಾಸನೆ. ಇನ್ನೊಬ್ಬರು ರಾತ್ರಿ ಊಟ ಬಿಡಿ ಎಂದರು. ಬಿಟ್ಟೆ. ಹಸಿವಿನಿಂದ ಎಚ್ಚರವಾಗಿದ್ದು ಗೊರಕೆ ಕಡಿಮೆಯಾಯಿತು, ಆದರೆ ಅದನ್ನು ಗುಣ ಎನ್ನಲು ಬರುವುದಿಲ್ಲ. ತೂಕ ಇಳಿಸಿ ಎಂದವರು ಅನೇಕರು, ಅವರಲ್ಲಿ ಒಬ್ಬರೂ ನನಗಿಂತ ತೆಳ್ಳಗಿರಲಿಲ್ಲ. ಶಂಖ ಊದಿದರೆ ಗಂಟಲು ಗಟ್ಟಿಯಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬೆಳಿಗ್ಗೆ ಬೆಳಿಗ್ಗೆ ಊದಿ ನೋಡಿದೆ. ಎರಡನೇ ದಿನ ಪಕ್ಕದ ಮನೆಯವರು ಬಂದು, ನಿಮ್ಮಲ್ಲಿ ಏನು ಪೂಜೆ, ನಮ್ಮನ್ನು ಕರೆಯಲಿಲ್ಲವಲ್ಲ ಎಂದು ಕೇಳಿದರು. ನನ್ನ ಪ್ರೆಸ್ಸಿನ ಯಂತ್ರ ನಡೆಸುವ ಇಸ್ಮಾಯಿಲ್ ಮಾತ್ರ ಮದ್ದು ಹೇಳಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಇರುವವನು. ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುವ ನನ್ನನ್ನು ದಿಟ್ಟಿಸಿ ನೋಡಿ, "ಹೆಗಡೇರೆ, ಮಷಿನ್ ಹಿಂಗೆ ನಿಂತು ನಿಂತು ಓಡ್ತದೆ ಅಂದ್ರೆ ನಾವು ಎಣ್ಣೆ ಬಿಟ್ಕೊಂತ ಕೂರ್ತೀವೇನ್ರಿ? ಬಿಚ್ಚಿ ನೋಡ್ಬೇಕು" ಎಂದ. ಬಿಚ್ಚುವ ಮಾತು ಕೇಳಿ ನಾನು ಅವನನ್ನು ಚಹಾ ತರಲು ಕಳಿಸಿದೆ.

ಗಣಪತಿ ಭಾವ ಯಾವುದೋ ವಿಡಿಯೋದಲ್ಲಿ ನೋಡಿದ್ದನಂತೆ, ಅಂಗಾತ ಮಲಗಿದರೆ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುತ್ತದೆ, ಬನಿಯನ್ನಿನ ಬೆನ್ನಿಗೆ ಒಂದು ಚೆಂಡು ಹೊಲಿದುಕೊಂಡರೆ ಅಂಗಾತ ಮಲಗಲು ಆಗುವುದಿಲ್ಲ ಎಂದು. ಉಪಾಯ ಸರಿಯಾದದ್ದೇ, ಆಮೇಲೆ ಡಾಕ್ಟರೂ ಒಪ್ಪಿದರು. ಆದರೆ ಚೆಂಡು ಕೊಳ್ಳಲು ಪೇಟೆಗೆ ಹೋಗುವುದು ಯಾಕೆ, ಮನೆಯಲ್ಲಿ ಅಡಿಕೆ ಇಲ್ಲವೇ ಎಂದ ಭಾವ. ಸುಲಿಯದ ಒಣ ಅಡಿಕೆ ಹದವಾದ ಗಾತ್ರದ್ದು, ಗಟ್ಟಿ. ಒಂದು ಸಾಲದು, ಜಾರುತ್ತದೆ, ಮೂರು ಹಾಕು ಎಂದು ತಂಗಿಗೆ ಹೇಳಿದ. ಗಿರಿಜಾ ಬೆನ್ನುಹುರಿಯ ಗುಂಟ ಮೂರು ಪುಟ್ಟ ಚೀಲ ಹೊಲಿದು ಒಂದೊಂದು ಅಡಿಕೆ ತುಂಬಿಸಿದಳು. ಚೆಂಡಾದರೆ ಚಪ್ಪಟೆಯಾಗಿ ಮಣಿಯುತ್ತಿತ್ತು. ಅಡಿಕೆಗೆ ಮಣಿದು ಗೊತ್ತಿಲ್ಲ. ನಾನೋ, ಕಲ್ಲಿನ ಮೇಲೂ ಅಂಗಾತ ಮಲಗುವ ಜಾತಿ. ನಾಲ್ಕು ದಿನದಲ್ಲಿ ಬೆನ್ನಿನ ಮೇಲೆ ಮೂರು ನೀಲಿ ಗುರುತು ಮೂಡಿ, ಪ್ರೆಸ್ಸಿನ ಕುರ್ಚಿಗೆ ಒರಗಲು ಆಗದಾಯಿತು. ಐದನೇ ದಿನ ಗಿರಿಜಾ ಅಡಿಕೆ ಬಿಚ್ಚಿ ತೆಗೆದಳು. ಗಣಪತಿಗೆ ಫೋನಿನಲ್ಲಿ ಏನು ಹೇಳಿದಳೋ, ಆಮೇಲೆ ಎರಡು ವಾರ ಅವನು ನಮ್ಮ ಮನೆಗೆ ಬರಲಿಲ್ಲ.

ಇಷ್ಟು ಹೊತ್ತಿಗೆ ಹಗಲು ನನ್ನ ಕೈಯಲ್ಲಿ ಉಳಿದಿರಲಿಲ್ಲ. ರಾತ್ರಿ ಮಲಗಿದ್ದರೂ ಮಲಗಿದ ಲಾಭವಿಲ್ಲ. ಪ್ರೂಫ್ ಹಿಡಿದರೆ ಎರಡನೇ ಸಾಲಿಗೆ ತಲೆ ಜೋಲುತ್ತಿತ್ತು. ಸಿದ್ದಾಪುರದ ಒಬ್ಬರ ಗೃಹಪ್ರವೇಶದ ಕಾರ್ಡಿನ ಕೆಳಗೆ, 'ತಾವು ಆಗಮಿಸಿ ಮೃತರ ಆತ್ಮಕ್ಕೆ ಸದ್ಗತಿ ಕೋರಬೇಕಾಗಿ ವಿನಂತಿ' ಎಂದು ಹಿಂದಿನ ಕಾರ್ಡಿನ ಸಾಲು ಹಾಗೇ ಉಳಿದಿತ್ತು. ಇಸ್ಮಾಯಿಲ್ ಹತ್ತು ಕಾರ್ಡು ಆಗುವಷ್ಟರಲ್ಲಿ ಕಂಡು ಯಂತ್ರ ನಿಲ್ಲಿಸಿದ, ಮರ್ಯಾದೆ ಉಳಿಯಿತು. ಆದರೆ ಅದಕ್ಕಿಂತ ದೊಡ್ಡದು ಮತ್ತಿಘಟ್ಟದ ದಾರಿಯಲ್ಲಿ ಕಾದಿತ್ತು. ಮದುವೆ ಕಾರ್ಡಿನ ಕಟ್ಟು ಕೊಡಲು ಹೊರಟಿದ್ದೆವು, ನಾನು ಕಾರು ಓಡಿಸುತ್ತಿದ್ದೆ, ಇಸ್ಮಾಯಿಲ್ ಪಕ್ಕದಲ್ಲಿ. ಬೆಳಗಿನ ಹತ್ತೂವರೆ. ಎಡಕ್ಕೆ ಗುಡ್ಡ ಕಡಿದ ಮಣ್ಣಿನ ಧರೆ, ಬಲಕ್ಕೆ ಇಳಿಜಾರು. ಅವನು ಮಗಳ ಕಾಲೇಜಿನ ವಿಷಯ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ. ಮುಂದೆ ನೆನಪಿರುವುದು ಅವನ ಕೂಗು, ಮತ್ತು ಕೆಂಪು ಮಣ್ಣು ಗಾಜಿನ ಮೇಲೆ ಸುರಿದ ಶಬ್ದ. ಕಾರು ಧರೆಗೆ ಮೂಗು ಒತ್ತಿ ನಿಂತಿತ್ತು. ಇಬ್ಬರಿಗೂ ಏನೂ ಆಗಿರಲಿಲ್ಲ. ಅವನು ಸ್ಟಿಯರಿಂಗನ್ನು ಎಡಕ್ಕೆ ಎಳೆಯುವ ಬದಲು ಬಲಕ್ಕೆ ಎಳೆದಿದ್ದರೆ ನಮ್ಮಿಬ್ಬರನ್ನೂ ಮರದ ತುದಿಯಿಂದ ಇಳಿಸಬೇಕಾಗುತ್ತಿತ್ತು.

ಇಸ್ಮಾಯಿಲ್ ಬಯ್ಯಲಿಲ್ಲ. ಇಳಿದು, ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಬದಿಯ ಬಾಗಿಲು ತೆಗೆದು ಕೈ ಚಾಚಿದ. "ಕೀಲಿ ಕೊಡ್ರಿ" ಎಂದ. ಕೊಟ್ಟೆ. "ನನಗೆ ಇಬ್ರು ಮಕ್ಕಳು ಅದಾರ್ರಿ" ಎಂದ, ಅಷ್ಟೇ. ಅವನು ನನಗೆ ಮಾಡಿದ ದೊಡ್ಡ ಉಪಕಾರ ಆ ಕೀಲಿಯನ್ನು ಮತ್ತೆ ವಾಪಸು ಕೊಡದಿದ್ದದ್ದು. ಮರುವಾರವೇ ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ಗಿರಿಜಾಳನ್ನೂ, ಅವನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದ.

ಹುಬ್ಬಳ್ಳಿಯ ಡಾಕ್ಟರು ಸ್ಲೀಪ್ ಆಪ್ನಿಯಾ ಎಂದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆಯಂತೆ. ಎಷ್ಟು ಸಲ ನಿಲ್ಲುತ್ತದೆ ಎಂದು ನೋಡಲು ಒಂದು ರಾತ್ರಿ ಅಲ್ಲೇ ಮಲಗಿಸಿದರು. ತಲೆಗೆ, ಎದೆಗೆ, ಕಾಲಿಗೆ, ಬೆರಳಿಗೆ ತಂತಿ ಅಂಟಿಸಿ, ಮೂಗಿಗೆ ನಳಿಗೆ ಸಿಕ್ಕಿಸಿ, ಮೇಲೆ ಕ್ಯಾಮೆರಾ ತಿರುಗಿಸಿ, "ಆರಾಮ ಮಲಕೊಳ್ರಿ, ಮನ್ಯಾಗ ಮಲಕೊಂಡಂಗ" ಎಂದರು. ಮನೆಯಲ್ಲಿ ನಾನು ಇಷ್ಟು ತಂತಿ ಕಟ್ಟಿಕೊಂಡು ಮಲಗುವುದಿಲ್ಲ ಎನ್ನಬೇಕೆನಿಸಿತು. ಆದರೂ ನನ್ನ ದೇಹಕ್ಕೆ ಮಾನ ಮರ್ಯಾದೆ ಇಲ್ಲ, ಹತ್ತು ನಿಮಿಷದಲ್ಲಿ ನಿದ್ದೆ ಹೋಯಿತಂತೆ. ಬೆಳಿಗ್ಗೆ ಫಲಿತಾಂಶ ಬಂತು. ಗಂಟೆಗೆ ಸುಮಾರು ನಲವತ್ತು ಸಲ. "ಹೃದಯ, ಬಿಪಿ, ಸ್ಟ್ರೋಕು, ಎಲ್ಲಾದಕ್ಕೂ ಇದು ದಾರಿ ಆಗ್ತದ್ರಿ. ತಡಾ ಮಾಡಬ್ಯಾಡ್ರಿ" ಎಂದರು ಡಾಕ್ಟರು. ಗಂಟೆಗೆ ನಲವತ್ತು ಎಂದರೆ ನಾನು ಒಂದು ರಾತ್ರಿಗೆ ಮುನ್ನೂರು ಸಲ ಸಾಯಲು ಹೊರಟು ವಾಪಸಾಗುತ್ತಿದ್ದೆ. ಹೋಗಿ ಬರುವ ಈ ಉಮೇದಿನಲ್ಲಿ ಒಂದು ಸಲ ಬರುವುದು ಮರೆತರೆ?

ಅದಕ್ಕೆ ಚಿಕಿತ್ಸೆ ಸಿಪ್ಯಾಪ್ ಎಂಬ ಯಂತ್ರ. ಡಬ್ಬಿ ಚಿಕ್ಕದು, ಅದರಿಂದ ಒಂದು ಸೊಂಡಿಲು, ಸೊಂಡಿಲ ತುದಿಗೆ ಮೂಗು ಬಾಯಿ ಮುಚ್ಚುವ ಮಾಸ್ಕು. ರಾತ್ರಿಯಿಡೀ ಗಾಳಿ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಗಾಳಿ ಒಣಗದಿರಲೆಂದು ಒಂದು ನೀರಿನ ತೊಟ್ಟಿಯೂ ಇದೆ, ಅದಕ್ಕೆ ಶುದ್ಧ ನೀರು ಹಾಕಬೇಕು. ಯಂತ್ರ ನೋಡಲು ಬಂದವರಿಗೆ ಗಿರಿಜಾ ಒಂದು ವಾರ ಚಹಾ ಮಾಡಿದಳು. ಗಣಪತಿ ಭಾವನೂ ಮುನಿಸು ಮರೆತು ವಜ್ರಳ್ಳಿಯಿಂದ ಬಂದ. ತೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬರಿ ನೀರಿನ ಆವಿ ರಾತ್ರಿಯಿಡೀ ಮೂಗಿಗೆ ಹೋಗುತ್ತದೆ, ಎಂಥ ಅವಕಾಶ ವ್ಯರ್ಥ ಎಂದು ಅವನಿಗೆ ಸಂಕಟವಾಯಿತು. ನಾವೆಲ್ಲ ಮೂಗು ಕಟ್ಟಿದರೆ, ಹೊಟ್ಟೆ ಕೆಟ್ಟರೆ, ಮನಸ್ಸು ಸರಿ ಇಲ್ಲದಿದ್ದರೆ, ಎಲ್ಲಕ್ಕೂ ಕಾಳುಮೆಣಸಿನ ಕಷಾಯ ಕುಡಿದು ದೊಡ್ಡವರಾದವರು. ಯಾರಿಗೂ ಹೇಳದೆ ಅವನು ನೀರು ಚೆಲ್ಲಿ ಕಷಾಯ ಸೋಸಿ ತುಂಬಿಸಿದ. ಮಾಸ್ಕು ಹಾಕಿ ಗುಂಡಿ ಒತ್ತಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಬಂದ ಸೀನಿಗೆ ಮಾಸ್ಕಿನ ಪಟ್ಟಿ ಕಿತ್ತು ಬಂತು. ಒಟ್ಟು ಮೂವತ್ತೊಂದು ಸೀನು. ಕಣ್ಣು, ಕಿವಿ, ನೆತ್ತಿ ಎಲ್ಲದರಿಂದಲೂ ಮೆಣಸು ಹೊರಟಂತಾಯಿತು. ಭಾವ ಪಕ್ಕದಲ್ಲಿ ನಿಂತು, "ಕಫ ಎಲ್ಲಾ ಕಿತ್ತು ಬತ್ತಾ ಇದ್ದು ನೋಡು, ಒಳ್ಳೇದೇ ಆತು" ಎಂದು ಧೈರ್ಯ ಹೇಳುತ್ತಿದ್ದ.

ಆಮೇಲೆ ಮೀಸೆಯ ತೊಂದರೆ ಶುರುವಾಯಿತು. ಮಾಸ್ಕಿನ ಅಂಚಿಗೆ ನನ್ನ ಮೀಸೆ ಅಡ್ಡ ಬಂದು ಗಾಳಿ ಸೋರುತ್ತಿತ್ತು, ಸೋರಿದ ಗಾಳಿ ನೇರ ಕಣ್ಣಿಗೆ. ಬೇರೆ ಎರಡು ನಮೂನೆಯ ಮಾಸ್ಕು ತರಿಸಿದೆವು, ಸರಿಹೋಗಲಿಲ್ಲ. ಕೊನೆಗೆ ಮೂವತ್ತೈದು ವರ್ಷದ ಮೀಸೆಯನ್ನು ಬೋಳಿಸಿದೆ. ನಮ್ಮಲ್ಲಿ ಮೀಸೆ ಇದ್ದವನು ಇದ್ದಕ್ಕಿದ್ದಂತೆ ಅದನ್ನು ತೆಗೆದರೆ ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ ಎಂದೇ ಅರ್ಥ. ಮರುದಿನ ಪ್ರೆಸ್ಸಿಗೆ ಬಂದವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, "ಯಾವಾಗ ಆತು?" ಎಂದು ಕೇಳಿದರು. ನನ್ನ ಅಪ್ಪಯ್ಯ, ಆಯಿ ಇಬ್ಬರೂ ಹೋಗಿ ವರ್ಷಗಳಾಗಿವೆ, ಅವರ ಕಾರ್ಡನ್ನು ನಾನೇ ಅಚ್ಚು ಹಾಕಿ ಇದೇ ಜನರಿಗೆ ಹಂಚಿದ್ದೇನೆ. ಅದು ನೆನಪಾದವರು ಇನ್ನಷ್ಟು ಗೊಂದಲಕ್ಕೆ ಬಿದ್ದರು. ಯಾರೂ ಸತ್ತಿಲ್ಲ, ಯಾರೂ ಸಾಯಬಾರದೆಂದೇ ತೆಗೆದದ್ದು ಎಂದು ಹೇಳಿ ಹೇಳಿ ಸಾಕಾಯಿತು. ಸಂಜೆ ಕನ್ನಡಿ ನೋಡಿದರೆ ನನಗೂ ಹಾಗೇ ಅನಿಸಿತು, ಮುಂಚಿತವಾಗಿ ನನ್ನ ಸೂತಕವನ್ನು ನಾನೇ ಹಿಡಿದ ಹಾಗೆ.

ಇಷ್ಟೆಲ್ಲ ಮಾಡಿಯೂ ತೂಕಡಿಕೆ ಹೋಗಲಿಲ್ಲ. ಯಂತ್ರ ನನಗೆ ಹಿಡಿಸಲಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಲೆನಾಡಿನ ಹವೆಗೆ ಅದು ಆಗಿ ಬರುವುದಿಲ್ಲ ಎಂದೆ. ಕರೆಂಟು ಹೋಗಿ ಬಂದು ಕೆಟ್ಟಿರಬೇಕು ಎಂದೆ. ಯಲ್ಲಾಪುರದ ಒಬ್ಬರು ನನ್ನ ಮಾತು ನಂಬಿ ತಾವು ತೆಗೆದುಕೊಳ್ಳಬೇಕೆಂದಿದ್ದ ಯಂತ್ರವನ್ನು ಮುಂದೂಡಿದರಂತೆ. ಇದನ್ನು ನೆನೆದರೆ ಈಗಲೂ ನನಗೆ ಮುಜುಗರವಾಗುತ್ತದೆ, ಏಕೆಂದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ನಾನು ಅದನ್ನು ಹಾಕಿಕೊಳ್ಳುತ್ತಲೇ ಇರಲಿಲ್ಲ.

ಅಂದರೆ ಗಿರಿಜಾ ನೋಡುವಾಗ ಹಾಕಿಕೊಳ್ಳುತ್ತಿದ್ದೆ. ದೀಪ ಆರಿಸಿ ಅವಳು ಗೋಡೆಯ ಕಡೆ ಹೊರಳಿದ ಸ್ವಲ್ಪ ಹೊತ್ತಿಗೆ ಮೆಲ್ಲಗೆ ಗುಂಡಿ ಒತ್ತಿ, ಮಾಸ್ಕು ಕಳಚಿ ದಿಂಬಿನ ಕೆಳಗೆ ತುರುಕುತ್ತಿದ್ದೆ. ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಮತ್ತೆ ಹಾಕಿಕೊಂಡು ಮಲಗಿದಂತೆ ಕಾಣುತ್ತಿದ್ದೆ. ಶಾಲೆಯಲ್ಲಿ ಕಾಪಿ ಹೊಡೆಯದೆ ಪಾಸಾದವನು ಐವತ್ತೆಂಟಕ್ಕೆ ಇದನ್ನು ಕಲಿತೆ. ಯಾಕೆ ಹೀಗೆ ಮಾಡಿದೆ ಎಂದರೆ ಮಾಸ್ಕು ಚುಚ್ಚುತ್ತದೆ, ಗಾಳಿ ಹೆಚ್ಚಾಗುತ್ತದೆ ಎಂದೆಲ್ಲ ಹೇಳಬಹುದು. ನಿಜ ಬೇರೆ. ನನ್ನ ಅಪ್ಪಯ್ಯ ಕೊನೆಯ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಇಂಥದೇ ಮಾಸ್ಕು ಹಾಕಿಕೊಂಡು ಮಲಗಿದ್ದ. ಏನೋ ಹೇಳಲು ಹೊರಡುತ್ತಿದ್ದ, ಮಾಸ್ಕಿನ ಒಳಗೆ ಮಂಜು ಕಟ್ಟುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ. ನಾನು ಕಿವಿ ಹತ್ತಿರ ತಂದು ಹೂಂ ಹೂಂ ಎನ್ನುತ್ತಿದ್ದೆ, ಒಂದಕ್ಷರವೂ ತಿಳಿದಿರಲಿಲ್ಲ. ಮೊದಲ ರಾತ್ರಿ ನನ್ನ ಮಾಸ್ಕಿನ ಪಟ್ಟಿ ಬಿಗಿದು, ಉಸಿರು ಬಿಟ್ಟಾಗ ಪ್ಲಾಸ್ಟಿಕ್ಕಿನ ಮೇಲೆ ಅದೇ ಮಂಜು ಕಟ್ಟಿತು. ಆ ಹೆದರಿಕೆಯ ಮುಂದೆ ಉಸಿರು ನಿಲ್ಲುವ ಹೆದರಿಕೆ ಸಣ್ಣದೆನಿಸಿತು. ಇದನ್ನು ಹೆಂಡತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಯಂತ್ರವನ್ನು ಬಯ್ಯುವುದು ಸುಲಭವಿತ್ತು, ಅದು ತಿರುಗಿ ಮಾತಾಡುವುದಿಲ್ಲ ಎಂದುಕೊಂಡಿದ್ದೆ.

ತಿಂಗಳ ಮೇಲೆ ಹುಬ್ಬಳ್ಳಿಗೆ ಮತ್ತೆ ಹೋಗಬೇಕಿತ್ತು. ಯಂತ್ರವನ್ನೂ ತನ್ನಿ ಎಂದಿದ್ದರು. ದೂರು ಹೇಳಲು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಡಾಕ್ಟರು ನನ್ನ ಚೀಟಿ ಕೇಳಲಿಲ್ಲ. ಯಂತ್ರದ ಹಿಂಬದಿಯಿಂದ ಉಗುರಿನಷ್ಟು ಅಗಲದ ಒಂದು ಕಾರ್ಡು ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯ ಮೇಲೆ ತಿಂಗಳ ದಿನಗಳೆಲ್ಲ ಸಾಲಾಗಿ ಬಂದವು. ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು, ಎಷ್ಟು ಹೊತ್ತಿಗೆ ಹಾಕಿದೆ, ಎಷ್ಟು ಹೊತ್ತಿಗೆ ತೆಗೆದೆ, ಒಳಗೆ ಉಸಿರು ಹೇಗಿತ್ತು ಎಂದು. ಡಾಕ್ಟರು ಗಿರಿಜಾಳ ಮುಂದೆ ಗಟ್ಟಿಯಾಗಿ ಓದಿದರು. "ಹದಿನೆಂಟ್ ನಿಮಿಷ. ಇಪ್ಪತ್ತು ನಿಮಿಷ. ಹನ್ನೊಂದ್ ನಿಮಿಷ. ಏನ್ರಿ ಹೆಗಡೇರ, ಇದು ಮಲಗೂದೋ, ಫೋಟೋಕ್ಕ ನಿಲ್ಲೂದೋ?" ನಾನು ಚೀಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡೆ. ಗಿರಿಜಾಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಡಾಕ್ಟರ ಮುಖ ಅರಳಿತು. "ಇಲ್ನೋಡ್ರಿ! ಇದೊಂದು ದಿನ. ಆರು ಗಂಟೆ ಐವತ್ತು ನಿಮಿಷ. ಉಸಿರು ಒಂದ್ ಸಲಾನೂ ನಿಂತಿಲ್ಲ. ಕ್ಲಾಸ್! ಅಂದ್ರ ಯಂತ್ರ ನಿಮಗ ಛಲೋ ಒಗ್ಗೇದ. ಆವತ್ತ ಏನ್ ಮಾಡಿದ್ರಿ, ದಿನಾ ಅದನ್ನ ಮಾಡ್ರಿ" ಎಂದರು. ನನಗೂ ಖುಷಿಯಾಯಿತು. ಅರಿವಿಲ್ಲದೆ ಒಂದು ದಿನವಾದರೂ ಶೂರನಾಗಿದ್ದೆನಲ್ಲ ಎಂದು ತಾರೀಕು ನೋಡಿದೆ. ಆ ದಿನ ಗಣಪತಿ ಭಾವನ ಮಗಳ ಮದುವೆ ಕಾರ್ಡಿನಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು ಎಂಬ ಪಂಚಾಯಿತಿ ಮುಗಿಯದೆ ನಾನು ವಜ್ರಳ್ಳಿಯಲ್ಲೇ ಉಳಿದಿದ್ದೆ. ಆ ರಾತ್ರಿ ನಾನು ಮನೆಯಲ್ಲಿರಲಿಲ್ಲ. ಯಂತ್ರ ಶಿರಸಿಯಲ್ಲಿತ್ತು. ತಿರುಗಿ ನೋಡಿದರೆ ಗಿರಿಜಾ ಡಾಕ್ಟರ ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ವಾಪಸು ಬರುವಾಗ ಇಸ್ಮಾಯಿಲ್ ಕಾರು ಓಡಿಸುತ್ತಿದ್ದ. ಮುಂಡಗೋಡ ದಾಟಿದ ಮೇಲೆ ಗಿರಿಜಾ ತಾನೇ ಹೇಳಿದಳು. "ನಿಂಗ ಅದ್ನ ಕಂಡ್ರೆ ಅಷ್ಟು ಹೆದರ್ತಿ. ಹೆದರಿಕೆ ಅಪ್ಪಂಥದ್ದು ಅದ್ರಲ್ಲಿ ಎಂತ ಇದ್ದು ನೋಡನ ಹೇಳಿ, ನಿಂಗ ಇಲ್ದಿದ್ದಾಗ ಆನೇ ಹಾಕ್ಯಂಡು ಮಲಗಿದಿ."

ಆ ಆರು ಗಂಟೆ ಐವತ್ತು ನಿಮಿಷದ ನಿದ್ದೆ ಅವಳದಾಗಿತ್ತು. "ಹೆದರಿಕೆ ಆಯಿತೇ?" ಎಂದೆ.

"ಆತು. ಸುಳ್ಳು ಹೇಳ್ತ್ನಿಲ್ಲೆ. ಮಾವಯ್ಯನೂ ನೆನಪಾದ. ಕಾಲು ಗಂಟೆ ಅಷ್ಟೇಯ. ಆಮೇಲೆ ಬೆಳಗಾಗಿದ್ದೇ ಗೊತ್ತು."

ಅಪ್ಪಯ್ಯನ ಮಾತು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ನಾನು ಮಾಸ್ಕು ತೆಗೆಯುವುದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. "ಗೊತ್ತಿತ್ತು. ನಿಂಗ ತೆಗೆದು ವರಗಿದ ಮೇಲೆ ಆನು ಎದ್ದು ಕೂತ್ಕಂಡು ಲೆಕ್ಕ ಮಾಡದು. ಉಸಿರು ನಿಂತ್ರೆ ಒಂದು, ಎರಡು, ಮೂರು ಹೇಳಿ. ಇಪ್ಪತ್ತಾದ್ರೆ ಚಿವುಟದು." ಎಡತೋಳಿನ ಮೇಲಿನ ಕಲೆಗಳಿಗೆ ನಾನು ಇಷ್ಟು ದಿನ ಸೊಳ್ಳೆಗಳನ್ನು ಬಯ್ಯುತ್ತಿದ್ದೆ. ಎಷ್ಟು ದಿನದಿಂದ ಹೀಗೆ ಎಂದೆ. "ಆರು ವರ್ಷ" ಎಂದಳು, ಹಾಲಿನವನ ಬಾಬತ್ತು ಹೇಳುವಷ್ಟು ಸಹಜವಾಗಿ. ಹೇಳಬಾರದಿತ್ತೇ ಎಂದರೆ, "ಹೇಳಿದ್ರೆ ನಿಂಗ ಕೇಳವ್ವಾ?" ಎಂದು ಕಿಟಕಿಯ ಕಡೆ ತಿರುಗಿದಳು. ಇಸ್ಮಾಯಿಲ್ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ. ಗೇರು ಬದಲಿಸಿದ. ಚಿಕಿತ್ಸೆ ಸಿಗುತ್ತಿಲ್ಲ, ಯಾವ ಮದ್ದೂ ನಾಟುತ್ತಿಲ್ಲ ಎಂದು ನಾನು ಮೂರು ತಾಲ್ಲೂಕು ಸುತ್ತಿ ಹೇಳಿಕೊಂಡ ದಿನಗಳಲ್ಲೆಲ್ಲ ನಾನು ಬದುಕಿದ್ದದ್ದು ಅವಳ ಆ ಚಿವುಟಿನಿಂದ.

ಆವತ್ತಿನಿಂದ ಮಾಸ್ಕು ತೆಗೆದಿ‍ಲ್ಲ. ಹೆದರಿಕೆ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ರಾತ್ರಿ ಪಟ್ಟಿ ಬಿಗಿದಾಗ ಮಂಜು ಕಟ್ಟುತ್ತದೆ, ಕಾಲು ಗಂಟೆ ನಾನು ಅಪ್ಪಯ್ಯನ ಮಂಚದ ಪಕ್ಕದಲ್ಲೇ ಇರುತ್ತೇನೆ. ಹಗಲಿನ ತೂಕಡಿಕೆ ಮಾತ್ರ ನಿಂತಿದೆ. ಇಸ್ಮಾಯಿಲ್ ಇನ್ನೂ ಕೀಲಿ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಯಲ್ಲಾಪುರದವರಿಗೆ ಫೋನು ಮಾಡಿ, ಕೆಟ್ಟಿದ್ದು ಯಂತ್ರವಲ್ಲ ನಾನು ಎಂದು ಒಪ್ಪಿಕೊಂಡೆ. ಆದರೆ ಈಗ ಇನ್ನೊಂದು ಪೇಚು. ಗಿರಿಜಾ ದಿಂಬಿಗೆ ತಲೆ ಕೊಟ್ಟ ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಾಳೆ, ಮತ್ತು ಗೊರಕೆ ಹೊಡೆಯುತ್ತಾಳೆ. ಇಪ್ಪತ್ತೆಂಟು ವರ್ಷ ಒಂದೇ ಕೋಣೆಯಲ್ಲಿದ್ದರೂ ಅವಳ ಗೊರಕೆಯನ್ನು ನಾನು ಕೇಳಿರಲಿಲ್ಲ, ಒಂದು ದಿನವೂ ಅವಳು ನನಗಿಂತ ಮೊದಲು ಮಲಗಿದ್ದೇ ಇಲ್ಲ. ಸಣ್ಣ ಗೊರಕೆ, ನಿಲ್ಲದ ಗೊರಕೆ. ಆದರೂ ಎಲ್ಲಿ ನಿಂತೀತೋ ಎಂದು ಕತ್ತಲಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತ ಬಿದ್ದಿರುತ್ತೇನೆ. ಅವಳನ್ನು ಎಬ್ಬಿಸಿ, ನೀನೂ ಹೊಡೆಯುತ್ತೀ ಮಾರಾಯ್ತಿ, ಕೇಳಿಸಿಕೋ ಎಂದು ಹೇಳಲು ಬಹಳ ಆಸೆ. ಹೇಳಬೇಕೆಂದರೆ ಮಾಸ್ಕು ತೆಗೆಯಬೇಕು, ತೆಗೆದರೆ ಅದು ಹುಬ್ಬಳ್ಳಿಗೆ ಗೊತ್ತಾಗುತ್ತದೆ.